ಮಸುಕಾದ ಚಿತ್ರವೂ ಮುಂದಿಟ್ಟ ಹೆಜ್ಜೆಯೂ

ಕಳೆದ ದೀಪಾವಳಿಯ ರಜೆಯಲ್ಲಿ ನನ್ನ ತಂಗಿಯ ಮಗನು ಹೆಗ್ಗದ್ದೆಗೆ ಬಂದಿದ್ದನು. ದೂರದ ವಸ್ತುವನ್ನು ಸಮೀಪಕ್ಕೆ ತಂದು ತೋರಿಸುವ ಜೂಮ್ ಲೆನ್ಸೊಂದನ್ನು ಹೊಸದಾಗಿ ಕೊಂಡಿದ್ದನು. ಮೂರು ದಿನ ಅತ್ತಿಯ ಮರದ ಬಳಿ ಕಾದಿದ್ದು ಮಂಗಟ್ಟೆ ಹಕ್ಕಿಯ ಚಿತ್ರಗಳನ್ನು ತೆಗೆದನು. ನಾಲ್ಕನೆಯ ದಿನ ಸಪ್ಪೆಮೋರೆಯಿಂದ ಜಗುಲಿಯಲ್ಲಿ ಕುಳಿತು, “ಮಾವ, ಈ ಲೆನ್ಸೇ ಕೆಟ್ಟದ್ದು. ಒಂದು ಚಿತ್ರವೂ ಸ್ಪಷ್ಟವಾಗಿಲ್ಲ. ಮಾರಿಬಿಡುತ್ತೇನೆ” ಎಂದನು.

“ತೀರ್ಪು ಆಮೇಲಾಗಲಿ, ಮೊದಲು ಚಿತ್ರಗಳನ್ನು ತೋರಿಸು” ಎಂದೆನು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಮೊದಲ ಪಾಠವಷ್ಟೆ. ಆದರೆ ಮಂಜನ್ನೇ ಹೊಗೆಯೆಂದು ಭ್ರಮಿಸಿದವನ ಅನುಮಾನವು ಕೆಡುವುದು. ಘಟ್ಟದ ಜನರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಸುಕೆಂಬುದು ಒಂದೇ ಹೆಸರಿನ ಹಲವು ರೋಗ. ಒಂದೊಂದಕ್ಕೂ ಲಕ್ಷಣ ಬೇರೆ, ಚಿಕಿತ್ಸೆಯೂ ಬೇರೆ.

ಮೊದಲ ಚಿತ್ರದಲ್ಲಿ ಹಕ್ಕಿ, ಕೊಂಬೆ, ಎಲೆ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದವು. ಇದು ಕೈನಡುಕದ ಲಕ್ಷಣ. 50 ಮಿಲಿಮೀಟರ್ ಲೆನ್ಸಿನಲ್ಲಿ ಗಮನಕ್ಕೆ ಬಾರದ ನಡುಕವು 300 ಮಿಲಿಮೀಟರ್ ಲೆನ್ಸಿನಲ್ಲಿ ಆರು ಪಟ್ಟು ಹಿಗ್ಗುವುದು. ಹಕ್ಕಿಯನ್ನು ಹಿಗ್ಗಿಸುವ ಗಾಜು ನಮ್ಮ ನಡುಕವನ್ನು ಬಿಟ್ಟೀತೆ? ಹಳಬರ ಸೂತ್ರವೊಂದುಂಟು: 300 ಮಿಲಿಮೀಟರ್ ಲೆನ್ಸಾದರೆ ಷಟರು ಸೆಕೆಂಡಿನ 1/300 ಭಾಗಕ್ಕಿಂತ ಹೆಚ್ಚು ಕಾಲ ತೆರೆದಿರಬಾರದು. ಇವನ ಕ್ಯಾಮೆರಾದಂತೆ ಸೆನ್ಸರು ಚಿಕ್ಕದಾಗಿದ್ದರೆ 1/500 ಇರುವುದು ಕ್ಷೇಮ. ಇವನೋ ಮರದ ನೆರಳಿನಲ್ಲಿ 1/80ರಲ್ಲಿ ತೆಗೆದಿದ್ದನು. ಬೆಳಕು ಸಾಲದಿದ್ದರೆ ಐ.ಎಸ್.ಓ. ಸಂಖ್ಯೆಯನ್ನು ಏರಿಸಬೇಕು. ಆಗ ಚಿತ್ರವು ರವೆರವೆಯಾಗಿ ಕಾಣುವುದು ನಿಜ. ಆದರೆ ರವೆಯನ್ನು ಸಹಿಸಬಹುದು, ಮಸುಕನ್ನು ಸಹಿಸಲಾಗದು.

ಎರಡನೆಯದರಲ್ಲಿ ಎಲೆಗಳು ಸ್ಪಷ್ಟವಾಗಿದ್ದವು, ಹಕ್ಕಿ ಮಾತ್ರ ಮಸುಕು. ಇಲ್ಲಿ ಚಲಿಸಿದುದು ಕೈಯಲ್ಲ, ರೆಕ್ಕೆ. ಲೆನ್ಸಿನಲ್ಲಿರುವ ನಡುಕ ತಡೆಯುವ ಯಂತ್ರವು ನಮ್ಮ ಕೈಯನ್ನು ಸಂತೈಸಬಲ್ಲದೇ ಹೊರತು ಹಕ್ಕಿಯನ್ನಲ್ಲ. ಹಾರುವ ಹಕ್ಕಿಗೆ 1/2000ರಷ್ಟು ವೇಗವು ಬೇಕಾಗುವುದು.

ಮೂರನೆಯದರಲ್ಲಿ ಹಕ್ಕಿಯ ಮುಂದಿನ ಕಡ್ಡಿಯೊಂದು ಸೂಜಿಯ ಮೊನೆಯಂತೆ ಸ್ಪಷ್ಟವಾಗಿತ್ತು. ಕ್ಯಾಮೆರಾವು ತನಗೆ ತೋರಿದ ಕಡ್ಡಿಯ ಮೇಲೆ ಫೋಕಸು ಮಾಡಿತ್ತು. ಕೊಂಬೆರೆಂಬೆಗಳ ನಡುವೆ ಅನೇಕ ಫೋಕಸು ಬಿಂದುಗಳನ್ನು ನಂಬದೆ, ನಡುವಣ ಒಂದೇ ಬಿಂದುವನ್ನು ಹಕ್ಕಿಯ ಕಣ್ಣಿನ ಮೇಲಿಡುವುದು ಉಚಿತ.

ನಾಲ್ಕನೆಯದು ಹಾಲು ಬಳಿದಂತೆ ಬೆಳ್ಳಗಿತ್ತು. ಬೆಳಗಿನ ಮಂಜಿನಲ್ಲಿಯೂ, ಲೆನ್ಸಿನ ಮೇಲೆ ತೇವ ಕಟ್ಟಿದಾಗಲೂ ಹೀಗಾಗುವುದು. ನಡುಮಧ್ಯಾಹ್ನ ಬಯಲಿನ ಮೇಲೆ ಕಾದ ಗಾಳಿಯು ಅಲುಗಾಡುವಾಗ ದೂರದ ಅಂಚುಗಳೆಲ್ಲ ನೀರಿನೊಳಗಿನಂತೆ ಕದಡುವುವು. ಇದಕ್ಕೆ ಕಾಯುವುದೊಂದೇ ಮದ್ದು. ನಮ್ಮ ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಷ್ಟು ಹಿಡಿಯುವ ಭಯವೂ ಉಂಟು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡತಕ್ಕದ್ದು.

ಕಡೆಗೆ ಲೆನ್ಸನ್ನೂ ವಿಚಾರಣೆಗೆ ನಿಲ್ಲಿಸಿದೆವು. ಗೋಡೆಗೆ ವೃತ್ತಪತ್ರಿಕೆಯನ್ನು ಅಂಟಿಸಿ, ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿಟ್ಟು, ನಡುಕ ತಡೆಯುವ ಯಂತ್ರವನ್ನು ನಿಲ್ಲಿಸಿ, ಕೈ ಸೋಕದಂತೆ ಟೈಮರಿನಿಂದ ಚಿತ್ರ ತೆಗೆದೆವು. ಜೂಮನ್ನು ತುದಿಗೆ ಎಳೆದು, ಕಿಂಡಿಯನ್ನು ಪೂರ್ತಿ ತೆರೆದಾಗ ಅಕ್ಷರಗಳು ತುಸು ಮೆತ್ತಗೆ ಬಂದವು. ಕಿಂಡಿಯನ್ನು ಎಫ್ 8ಕ್ಕೆ ಕಿರಿದುಗೊಳಿಸಿದೊಡನೆ ಸಣ್ಣಕ್ಷರವೂ ಓದಲು ಬಂದಿತು. ಲೆನ್ಸು ನಿರಪರಾಧಿಯೆಂದು ತೀರ್ಮಾನವಾಯಿತು.

ಪಕ್ಕದ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು (1938–2007) ಫಿಲ್ಮಿನ ಕಾಲದಲ್ಲಿಯೇ ಹಕ್ಕಿಗಳ ಬೆನ್ನುಹತ್ತಿದವರು. ಆಗ ರೀಲು ತೊಳೆದು ಬರುವವರೆಗೆ ತಪ್ಪು ತಿಳಿಯುತ್ತಿರಲಿಲ್ಲ. ಈಗ ಮರುಕ್ಷಣವೇ ತಿಳಿಯುವುದು. ಆದರೂ ನಾವು ತಪ್ಪನ್ನು ನೋಡದೆ ಸಾಧನವನ್ನು ದೂರುತ್ತೇವೆ.

ಇಷ್ಟಕ್ಕೇ ಮುಗಿದಿದ್ದರೆ ಈ ಲೇಖನವನ್ನು ಬರೆಯುತ್ತಿರಲಿಲ್ಲ. ಉಳಿದ ಚಿತ್ರಗಳನ್ನು ನೋಡುವಾಗ ನನ್ನ ಎದೆ ಝಲ್ಲೆಂದಿತು. ಗದ್ದೆಯಂಚಿನಲ್ಲಿ ಒಂಟಿ ಸಲಗ! ಮೊದಲನೆಯದರಲ್ಲಿ ಚಿಕ್ಕದು, ಮುಂದಿನದರಲ್ಲಿ ದೊಡ್ಡದು, ಅದರ ಮುಂದಿನದರಲ್ಲಿ ಇನ್ನೂ ದೊಡ್ಡದು. ಜೂಮ್ ಮೊದಲೇ ತುದಿಯಲ್ಲಿತ್ತು. ಮುಂದೆ ನಡೆದವನು ಇವನೇ.

“ಏಕಪ್ಪ ಹೀಗೆ ಮಾಡಿದೆ?”

“ದೂರದಿಂದ ಮಸುಕಾಗಿತ್ತು ಮಾವ. ಅದಕ್ಕೆ ನಾಲ್ಕು ಹೆಜ್ಜೆ ಹತ್ತಿರ ಹೋದೆ.”

ನಾನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಅರ್ಜುನನ ಸುದ್ದಿಯನ್ನು ನೆನಪಿಸಿದೆನು. ಮೈಸೂರು ದಸರೆಯಲ್ಲಿ ಅನೇಕ ವರ್ಷ ಚಿನ್ನದ ಅಂಬಾರಿಯನ್ನು ಹೊತ್ತ ಆ ಮಹಾಗಜವು 2023ರ ಡಿಸೆಂಬರ್ 4ರಂದು ನಮ್ಮ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆಯೊಡನೆ ಸೆಣಸಿ ಮಡಿಯಿತು. ಆನೆಗೇ ಆ ಗತಿಯಾದ ಮೇಲೆ ಕ್ಯಾಮೆರಾ ಹಿಡಿದ ಹುಡುಗನ ಪಾಡೇನು? ದೂರಮಸೂರವನ್ನು ನಿರ್ಮಿಸಿದುದೇ ನಾವು ದೂರದಲ್ಲಿರಲೆಂದು. ಮಸುಕಿನ ದೋಷವನ್ನು ನಿಂತಲ್ಲಿಯೇ ತಿದ್ದಬೇಕು. ತಿದ್ದಲಾಗದಿದ್ದರೆ ಆ ಚಿತ್ರವೇ ಬೇಡ. ಮನೆಯಲ್ಲಿ ಇಂತಹ ಹವ್ಯಾಸದ ಮಕ್ಕಳಿರುವ ಹಿರಿಯರು ಈ ಒಂದು ಮಾತನ್ನು ಲೆನ್ಸಿನ ಜೊತೆಗೇ ಅವರ ಕೈಗೆ ಕೊಡಬೇಕೆಂದು ನನ್ನ ಬಿನ್ನಹ.

ಮರುದಿನ ಬೆಳಿಗ್ಗೆ ಅವನು ಜಗುಲಿಯ ಕಟಕಟೆಗೆ ಮೊಳಕೈಯೂರಿ, 1/500ರಲ್ಲಿ, ಉಸಿರನ್ನು ಹಿಡಿದು ಮಂಗಟ್ಟೆಯ ಚಿತ್ರವನ್ನು ತೆಗೆದನು. ಕೊಕ್ಕಿನಲ್ಲಿದ್ದ ಅತ್ತಿಯ ಹಣ್ಣು ಸಹ ಸ್ಪಷ್ಟವಾಗಿ ಕಂಡಿತು. ಲೆನ್ಸನ್ನು ಮಾರುವ ಮಾತು ಮತ್ತೆ ಬರಲಿಲ್ಲ.