ಲಾರಿಯ ಗಂಟೆಗಳೂ ಚಾಲಕನ ಗಂಟೆಗಳೂ

ಭತ್ತದ ಸುಗ್ಗಿ ಬಂದಿತೆಂದರೆ ಬಳಗಾನೂರಿನ ಸುತ್ತಲಿನ ರಸ್ತೆಗಳಿಗೆ ಹಗಲಿರುಳೆಂಬ ಭೇದವಿರುವುದಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಈ ಎರೆಭೂಮಿಯನ್ನು ಭತ್ತದ ಕಣಜವನ್ನಾಗಿ ಮಾಡಿದೆ. ಆ ಕಣಜವನ್ನು ನಾಡಿಗೆಲ್ಲ ಹಂಚುವವರು ಲಾರಿಯ ಚಾಲಕರು. ಸಿಂಧನೂರಿನ ಗಿರಣಿಯಲ್ಲಿ ಸಂಜೆ ಅಕ್ಕಿ ಹೇರಿಕೊಂಡ ಲಾರಿಯು ಮರುದಿನ ಬೆಳಗಿನೊಳಗೆ ಬೆಂಗಳೂರನ್ನು ಮುಟ್ಟಬೇಕೆಂಬುದು ವ್ಯಾಪಾರದ ನಿರೀಕ್ಷೆ. ದೂರವು ಸುಮಾರು 400 ಕಿಲೋಮೀಟರು. ತುಂಬಿದ ಲಾರಿಯ ಸರಾಸರಿ ವೇಗವನ್ನು ಗಂಟೆಗೆ 40 ಕಿಲೋಮೀಟರೆಂದು ಹಿಡಿದರೆ ಇದು ಹತ್ತು ಗಂಟೆಗಳ ಪ್ರಯಾಣ. ಗಿರಣಿಯ ಬಾಗಿಲಲ್ಲಿ ಸರತಿಗಾಗಿ ಕಾದ ಹೊತ್ತು, ಹಮಾಲರು ಚೀಲಗಳನ್ನು ಹೇರಿದ ಹೊತ್ತು, ತೂಕದ ಕಾಟಾದ ಮುಂದೆ ನಿಂತ ಹೊತ್ತು, ಇವೆಲ್ಲವೂ ಅದಕ್ಕೆ ಮುಂಚೆಯೇ ಕಳೆದುಹೋಗಿರುತ್ತವೆ. ಬೆಳಗಿನ ಜಾವದ ನಾಲ್ಕು ಗಂಟೆಗೆ ಚಕ್ರ ಹಿಡಿದಿರುವ ಮನುಷ್ಯನು ಎಷ್ಟು ಹೊತ್ತಿನಿಂದ ಎಚ್ಚರವಾಗಿದ್ದಾನೆ? ಇದನ್ನು ಬಲ್ಲವನು ಅವನೊಬ್ಬನೇ.

ಇದು ಕೇವಲ ಅನುಕಂಪದ ಪ್ರಶ್ನೆಯಲ್ಲ, ಭೌತವಿಜ್ಞಾನದ ಪ್ರಶ್ನೆಯೂ ಹೌದು. ಸರಕೂ ಸೇರಿ 28 ಟನ್ ತೂಗುವ ಲಾರಿಯೊಂದು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆಯೆನ್ನೋಣ. ಅದರ ಚಲನಶಕ್ತಿಯು ಸುಮಾರು 39 ಲಕ್ಷ ಜೂಲ್. ಅದೇ ಲಾರಿಯು 14 ಮೀಟರ್ ಎತ್ತರದಿಂದ, ಎಂದರೆ ನಾಲ್ಕಂತಸ್ತಿನ ಕಟ್ಟಡದ ಮೇಲಿನಿಂದ, ಬಿದ್ದರೆ ನೆಲಕ್ಕೆ ತಾಗುವ ಶಕ್ತಿಯೂ ಇಷ್ಟೇ. ಈ ವೇಗದಲ್ಲಿ ಲಾರಿಯು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಬಳಲಿದವನ ರೆಪ್ಪೆಗಳು ತಿಳಿಯದೆಯೇ ಮೂರು ಸೆಕೆಂಡು ಮುಚ್ಚಿಕೊಂಡರೆ ಐವತ್ತು ಮೀಟರ್ ದೂರವನ್ನು ಆ ಲಾರಿಯು ಸಾರಥಿಯಿಲ್ಲದ ರಥದಂತೆ ಕ್ರಮಿಸಿರುತ್ತದೆ. ಎಷ್ಟೇ ಉತ್ತಮವಾದ ಬ್ರೇಕಿದ್ದರೂ ಅದನ್ನು ಒತ್ತುವ ಕಾಲಿಗೆ ಎಚ್ಚರವಿರಬೇಕಲ್ಲವೆ?

1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಡಾಸನ್ ಮತ್ತು ರೀಡ್ ಎಂಬ ವಿಜ್ಞಾನಿಗಳು ಒಂದು ಪ್ರಯೋಗವನ್ನು ಪ್ರಕಟಿಸಿದರು. ಹದಿನೇಳು ಗಂಟೆ ಸತತವಾಗಿ ಎಚ್ಚರವಿದ್ದವನ ಕೈಗಣ್ಣುಗಳ ಹೊಂದಾಣಿಕೆಯು, ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯಸಾರವಿರುವವನ ಮಟ್ಟಕ್ಕೆ ಇಳಿಯುತ್ತದೆಂದು ಅವರು ಕಂಡರು. ನಮ್ಮ ಮೋಟಾರು ವಾಹನ ಕಾಯಿದೆಯು ಶೇಕಡ 0.03ನ್ನು ಮೀರಿದವನನ್ನೇ ಅಪರಾಧಿಯೆನ್ನುತ್ತದೆ. ಕುಡಿದವನನ್ನು ಹಿಡಿಯಲು ಪೋಲೀಸರ ಕೈಯಲ್ಲಿ ಉಪಕರಣವಿದೆ. ನಿದ್ದೆಗೆಟ್ಟವನನ್ನು ಗುರುತಿಸಲು ಏನಿದೆ?

ಕಾನೂನು ಇಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯು ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿಯನ್ನು ಹಾಕಿತು. ದೂರದ ಮಾರ್ಗಗಳಲ್ಲಿ ಅನುಮತಿ ಪಡೆದರೂ ದಿನಕ್ಕೆ ಹತ್ತು ಗಂಟೆಯನ್ನು ದಾಟುವಂತಿರಲಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 91ನೆಯ ಕಲಮು ಇದೇ ಮಿತಿಯನ್ನು ಅಂಗೀಕರಿಸಿ, ಗಂಟೆಗಳನ್ನು ಮೊದಲೇ ಗೊತ್ತುಪಡಿಸಿ ದಾಖಲಿಸುವಂತೆ ಆಜ್ಞೆ ಮಾಡುವ ಅಧಿಕಾರವನ್ನೂ ರಾಜ್ಯ ಸರಕಾರಕ್ಕೆ ಕೊಟ್ಟಿತು. 2025ರ ನವೆಂಬರ್ 21ರಿಂದ 1961ರ ಕಾಯಿದೆಯ ಸ್ಥಾನಕ್ಕೆ ಹೊಸ ಕಾರ್ಮಿಕ ಸಂಹಿತೆಯು ಬಂದಿದೆ. ಎಂಟು ಗಂಟೆಯ ತತ್ತ್ವವು ಅದರಲ್ಲಿಯೂ ಉಳಿದಿದೆ. ಆದರೆ ಅಳೆಯದ ಮಿತಿಯು ಮಿತಿಯೇ ಅಲ್ಲವೆಂಬುದು ಪ್ರಯೋಗಶಾಲೆಯ ಮೊದಲ ಪಾಠ.

ವಿಚಿತ್ರವೆಂದರೆ, ಅದೇ ಲಾರಿಯಲ್ಲಿ ಮಿಕ್ಕೆಲ್ಲವನ್ನೂ ಯಂತ್ರಗಳು ಈಗಾಗಲೇ ಅಳೆಯುತ್ತಿವೆ. 2021ರಿಂದ ಕಡ್ಡಾಯವಾದ ಫಾಸ್ಟ್ಯಾಗ್ ಪಟ್ಟಿಯು ಟೋಲ್ ದಾಟಿದ ನಿಮಿಷವನ್ನು ಬರೆದಿಡುತ್ತದೆ. ಸರಕಿನ ಇ-ವೇ ಬಿಲ್ಲಿಗೆ 200 ಕಿಲೋಮೀಟರಿಗೆ ಒಂದು ದಿನವೆಂಬ ಅವಧಿಯುಂಟು. ಅನೇಕ ಮಾಲೀಕರು ಜಿ.ಪಿ.ಎಸ್. ಸಾಧನವನ್ನು ಕೂರಿಸಿ, ಲಾರಿ ಯಾವ ಧಾಬಾದ ಮುಂದೆ ಎಷ್ಟು ಹೊತ್ತು ನಿಂತಿತೆಂಬುದನ್ನು ಮನೆಯಲ್ಲಿ ಕುಳಿತೇ ನೋಡುತ್ತಾರೆ. ಭೂಮಿಯಿಂದ 20,000 ಕಿಲೋಮೀಟರಿಗೂ ಮೇಲೆ ಸುತ್ತುವ ಉಪಗ್ರಹಗಳ ಪರಮಾಣು ಗಡಿಯಾರಗಳು, ಐನ್‌ಸ್ಟೈನರ ಸಾಪೇಕ್ಷತಾವಾದಕ್ಕನುಸಾರವಾಗಿ ದಿನಕ್ಕೆ 38 ಮೈಕ್ರೋಸೆಕೆಂಡಿನ ತಿದ್ದುಪಡಿಯನ್ನು ಪಡೆದು, ಈ ಕೆಲಸಕ್ಕೆ ಒದಗುತ್ತವೆ. ಸರಕಿನ ಕಾಲವನ್ನೂ ವಾಹನದ ಕಾಲವನ್ನೂ ಇಷ್ಟು ಸೂಕ್ಷ್ಮವಾಗಿ ಎಣಿಸುವ ನಾವು ಮನುಷ್ಯನ ಕಾಲವನ್ನು ಮಾತ್ರ ಎಣಿಸುವುದಿಲ್ಲ.

ಇತರ ದೇಶಗಳು ಎಣಿಸತೊಡಗಿ ಬಹುಕಾಲವಾಯಿತು. ಯೂರೋಪಿನ ಲಾರಿಗಳಲ್ಲಿ ಟ್ಯಾಕೋಗ್ರಾಫ್ ಎಂಬ ಉಪಕರಣವು ಮೊದಲು ಕಾಗದದ ತಟ್ಟೆಯ ಮೇಲೆ ಗೆರೆ ಎಳೆಯುತ್ತಿತ್ತು. 2006ರ ಮೇ ತಿಂಗಳಿನಿಂದ ಹೊಸ ವಾಹನಗಳಲ್ಲಿ ಅದು ವಿದ್ಯುನ್ಮಾನವಾಯಿತು. ಅಲ್ಲಿ ನಾಲ್ಕೂವರೆ ಗಂಟೆ ಓಡಿಸಿದವನು ಮುಕ್ಕಾಲು ಗಂಟೆ ವಿರಮಿಸಲೇಬೇಕು. ಬ್ರಿಟನ್ನಿನ ಚಾಲಕರು ಈ ಯಂತ್ರವನ್ನು ‘ಕ್ಯಾಬಿನ್ನಿನೊಳಗಿನ ಗೂಢಚಾರ’ನೆಂದು ಹಳಿದು ಪ್ರತಿಭಟಿಸಿದರು, ವ್ಯಾಜ್ಯವು ಯೂರೋಪಿನ ನ್ಯಾಯಾಲಯಕ್ಕೆ ಹೋಗಿ, 1979ರಲ್ಲಿ ಬ್ರಿಟಿಷ್ ಸರಕಾರಕ್ಕೆ ವಿರುದ್ಧವಾಗಿ ತೀರ್ಮಾನವಾಯಿತು. ಅಮೆರಿಕವು 2017ರ ಡಿಸೆಂಬರಿನಲ್ಲಿ, ಇಂಜಿನ್ನಿಗೆ ಜೋಡಿಸಿದ ವಿದ್ಯುನ್ಮಾನ ದಿನಚರಿಯನ್ನು ಕಡ್ಡಾಯಗೊಳಿಸಿತು. ಅದುವರೆಗೆ ಕಾಗದದಲ್ಲಿ ಬರೆಯುತ್ತಿದ್ದ ಲೆಕ್ಕವನ್ನು ತಿದ್ದುವುದು ಸುಲಭವಾಗಿತ್ತು. ಇಂಜಿನ್ನು ಸುಳ್ಳು ಹೇಳದು.

ಹಾಗಾದರೆ ಯಂತ್ರವನ್ನು ತಂದು ಕೂರಿಸಿದರೆ ಸಾಕೆ? ಸಾಲದೆಂಬುದೇ ನನ್ನ ಅಭಿಪ್ರಾಯ. ಅಮೆರಿಕದ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರು, ಗಂಟೆಗಳ ನಿಯಮವನ್ನು ಪಾಲಿಸುವವರ ಸಂಖ್ಯೆ ಏರಿದರೂ ಅಪಘಾತಗಳು ಇಳಿದಂತೆ ಕಾಣಲಿಲ್ಲವೆಂದು ವರದಿಮಾಡಿದರು. ಸಣ್ಣ ಸಂಸ್ಥೆಗಳ ಚಾಲಕರಲ್ಲಿ ಅತಿವೇಗವು ಹೆಚ್ಚಿತ್ತು. ಕಾರಣವು ಗೂಢವಲ್ಲ. ಅಲ್ಲಿ ಕೆಲಸಕ್ಕಿಳಿದ ಕ್ಷಣದಿಂದ ಹದಿನಾಲ್ಕು ಗಂಟೆಗಳ ಗಡಿಯಾರವು ಓಡತೊಡಗುತ್ತದೆ; ಗೋದಾಮಿನ ಬಾಗಿಲಲ್ಲಿ ಕಾದರೂ ಅದು ನಿಲ್ಲದು. ಕೂಲಿಯಾದರೋ ಮೈಲಿಯ ಲೆಕ್ಕ. ಕಾದು ಕಳೆದುಕೊಂಡ ಹೊತ್ತನ್ನು ಚಾಲಕನು ರಸ್ತೆಯ ಮೇಲೆ ವೇಗದಿಂದ ತುಂಬಿಕೊಳ್ಳಲು ಯತ್ನಿಸಿದನು. ಪಾತ್ರೆಯ ಬಾಯಿಯನ್ನು ಮುಚ್ಚಿ ಉರಿಯನ್ನು ಹಾಗೆಯೇ ಬಿಟ್ಟರೆ ಆವಿಯು ಬೇರೊಂದು ಸಂದಿಯನ್ನು ಹುಡುಕುವುದು ಸಹಜವಷ್ಟೆ.

ನಮ್ಮಲ್ಲಿ ಈ ಉರಿಯು ಇನ್ನೂ ಹೆಚ್ಚು. ಇಲ್ಲಿ ಬಹುಮಟ್ಟಿಗೆ ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ ಮತ್ತು ಬತ್ತೆ. ಒಂದೆರಡು ಲಾರಿಗಳನ್ನು ಸಾಲದ ಮೇಲೆ ಕೊಂಡು ಕಂತು ಕಟ್ಟುವ ಮಾಲೀಕರೇ ಬಹಳ. ಐವರಿಗಿಂತ ಕಡಮೆ ಕೆಲಸಗಾರರಿರುವ ಇಂತಹ ಉದ್ಯಮಗಳಿಗೆ 1961ರ ಕಾಯಿದೆಯು ನೇರವಾಗಿ ಅನ್ವಯಿಸುತ್ತಲೇ ಇರಲಿಲ್ಲ. ನಿಲ್ದಾಣದಲ್ಲಿ ಸುಮ್ಮನೆ ಕಾಯುವ ಹೊತ್ತು ಹದಿನೈದು ನಿಮಿಷಕ್ಕೆ ಕಡಮೆಯಿದ್ದರೆ ಮಾತ್ರ ಕೆಲಸವೆನಿಸುತ್ತದೆಂದೂ ಅದೇ ಕಾಯಿದೆಯ ವ್ಯಾಖ್ಯೆಯು ಹೇಳಿತ್ತು. ಗಿರಣಿಯ ಮುಂದೆ ಆರು ಗಂಟೆ ಕಾದವನ ಆಯಾಸವು ಈ ವ್ಯಾಖ್ಯೆಯನ್ನು ಓದಿ ಮಾಯವಾಗುವುದೆ?

2021ರಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿಯವರು, ವಿಮಾನ ಚಾಲಕರಂತೆ ಲಾರಿ ಚಾಲಕರಿಗೂ ಗಂಟೆಗಳು ಗೊತ್ತಾಗಬೇಕೆಂದು ಸೂಚಿಸಿದರು. ಸೂಚನೆಯು ಯುಕ್ತವಾದುದು. ಆದರೆ ವಿದ್ಯುನ್ಮಾನ ದಿನಚರಿಯನ್ನು ತರುವಾಗ ಮೂರು ಸಂಗತಿಗಳನ್ನು ಅದರೊಡನೆಯೇ ತರಬೇಕು. ಮೊದಲನೆಯದು: ಕಾಯುವ ಹೊತ್ತನ್ನೂ ಯಂತ್ರವು ಬರೆಯಲಿ, ಕಾಯಿಸಿದವರು ಅದಕ್ಕೆ ಬೆಲೆ ಕೊಡಲಿ. ಎರಡನೆಯದು: ದಾಖಲೆಯು ಚಾಲಕನ ಸ್ವತ್ತಾಗಿರಲಿ. ಯೂರೋಪಿನ ಚಾಲಕನು ತನ್ನ ಹೆಸರಿನ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡಿರುತ್ತಾನೆ. ಲಾರಿ ಬದಲಾದರೂ ಗಂಟೆಗಳ ಲೆಕ್ಕವು ಅವನೊಡನೆಯೇ ಹೋಗುತ್ತದೆ. ಮಾಲೀಕನೊಬ್ಬನೇ ನೋಡಬಲ್ಲ ಯಂತ್ರವು ಕಾವಲುಗಾರ. ಚಾಲಕನೂ ತೋರಿಸಬಲ್ಲ ಯಂತ್ರವು ಸಾಕ್ಷಿ. “ಇನ್ನೊಂದು ಟ್ರಿಪ್ಪು ಹೊಡೆದು ಬಾ” ಎಂದವರಿಗೆ “ನನ್ನ ಗಂಟೆ ಮುಗಿದಿದೆ” ಎಂದು ಹೇಳುವ ಬಲವನ್ನು ಆ ಸಾಕ್ಷಿಯು ಕೊಡುತ್ತದೆ. ಮೂರನೆಯದು: ನಿಲ್ಲೆಂದು ಹೇಳುವ ಮೊದಲು ನಿಲ್ಲುವುದಕ್ಕೆ ಸ್ಥಳವಿರಬೇಕು. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಪೋಣಿಸುವ 150ಎ ಹೆದ್ದಾರಿಯಂತಹ ದಾರಿಗಳಲ್ಲಿ ನೆರಳು, ನೀರು, ಶೌಚಾಲಯ, ಸರಕಿಗೆ ಕಾವಲು ಇರುವ ತಂಗುದಾಣಗಳು ಬೇಕು.

ಇದರಿಂದ ಸಾಗಣೆಯ ಬೆಲೆ ಏರುವುದೆಂದು ಆಕ್ಷೇಪಿಸಬಹುದು. ಏರುವುದು ನಿಜ, ಎಷ್ಟೆಂದು ಲೆಕ್ಕ ಮಾಡೋಣ. ಎರಡನೆಯ ಚಾಲಕನಿಗೆ ಒಂದು ಟ್ರಿಪ್ಪಿಗೆ ಎರಡು ಸಾವಿರ ರೂಪಾಯಿ ಕೊಟ್ಟೆವೆಂದಿಟ್ಟುಕೊಂಡರೂ, 18 ಟನ್ ಅಕ್ಕಿಯ ಮೇಲೆ ಅದು ಕಿಲೋಗ್ರಾಮಿಗೆ ಸುಮಾರು ಹನ್ನೊಂದು ಪೈಸೆ. ಉಣ್ಣುವವರು ಹೊರಲಾರದ ಭಾರವೇನಲ್ಲ.

ಬಳಗಾನೂರಿಗೆ ಸಮೀಪದ ಮಸ್ಕಿಯಲ್ಲಿ, 1915ರಲ್ಲಿ ದೊರೆತ ಶಿಲಾಶಾಸನದಿಂದ ‘ದೇವಾನಾಂಪ್ರಿಯ’ನೆಂಬ ಅರಸನು ಅಶೋಕನೇ ಎಂಬುದು ಸ್ಥಿರಪಟ್ಟಿತು. ದಾರಿಯ ಬದಿಯಲ್ಲಿ ಆಲದ ಮರಗಳನ್ನು ನೆಡಿಸಿ, ಬಾವಿಗಳನ್ನು ತೋಡಿಸಿ, ವಿಶ್ರಾಂತಿಗೃಹಗಳನ್ನು ಕಟ್ಟಿಸಿದೆನೆಂದು ಅದೇ ಅರಸನು ತನ್ನ ಏಳನೆಯ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ಉಪಗ್ರಹಗಳಿಲ್ಲದ ಆ ಕಾಲದಲ್ಲಿಯೂ ದಾರಿಗನು ದಣಿಯುತ್ತಾನೆಂಬುದು ಆಳುವವರಿಗೆ ತಿಳಿದಿತ್ತು. ನಮಗಾದರೋ ಆ ದಣಿವನ್ನು ನಿಮಿಷದ ಲೆಕ್ಕದಲ್ಲಿ ಅಳೆಯುವ ಸಾಧನವೂ ದೊರೆತಿದೆ. ಅದನ್ನು ಸರಕಿನ ಕಾವಲಿಗೆ ಮಾತ್ರ ಬಳಸದೆ, ಸರಕನ್ನು ಹೊತ್ತು ತರುವವನ ಪ್ರಾಣರಕ್ಷಣೆಗೂ ಬಳಸುವುದು ನಮ್ಮ ಕರ್ತವ್ಯವಾಗಿದೆ.