‘ಸ್ಮಿತ್’ ಎಂಬ ಅಡ್ಡಹೆಸರಿನವರೆಲ್ಲ ಒಂದೇ ಮನೆತನದವರೇ? ಇಲ್ಲಿದೆ ವಿವರ

ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್, ದಕ್ಷಿಣ ಆಫ್ರಿಕಾದ ಗ್ರೇಮ್ ಸ್ಮಿತ್, ವೆಸ್ಟ್ ಇಂಡೀಸ್‌ನ ಡ್ವೇನ್ ಸ್ಮಿತ್. ಕ್ರಿಕೆಟ್ ನೋಡುವವರಿಗೆ ಈ ಮೂರೂ ಹೆಸರು ಗೊತ್ತು. ಹಾಗಾದರೆ ಇವರೆಲ್ಲ ಒಂದೇ ವಂಶದವರೇ? ಅಡ್ಡಹೆಸರು ನೋಡಿ ವ್ಯಕ್ತಿಯ ಕುಲ, ಧರ್ಮ, ಮೂಲ ಹೇಳುವ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಲೇ ಇರುತ್ತವೆ. ಈ ಲೆಕ್ಕಾಚಾರ ಎಲ್ಲಿ ತಪ್ಪುತ್ತದೆ ಎಂಬುದನ್ನು ಈ ಒಂದು ಹೆಸರಿನ ಮೂಲಕವೇ ನೋಡೋಣ.

ಹೆಸರಿನ ಅರ್ಥವೇನು?

ಸ್ಮಿತ್ ಎಂದರೆ ಲೋಹದ ಕೆಲಸಗಾರ, ಮುಖ್ಯವಾಗಿ ಕಮ್ಮಾರ. ಗೋಲ್ಡ್‌ಸ್ಮಿತ್ ಎಂದರೆ ಅಕ್ಕಸಾಲಿ, ಲಾಕ್‌ಸ್ಮಿತ್ ಎಂದರೆ ಬೀಗದ ಕೆಲಸ ಮಾಡುವವರು. ಜರ್ಮನಿಯ ಶ್ಮಿಟ್, ರಷ್ಯಾದ ಕುಜ್ನೆತ್ಸೋವ್, ಅರಬ್ಬರ ಹದ್ದಾದ್ ಹೆಸರುಗಳೂ ಕಮ್ಮಾರಿಕೆಯಿಂದಲೇ ಬಂದವು. ಸಂಸ್ಕೃತದಲ್ಲಿ ‘ಸ್ಮಿತ’ ಎಂದರೆ ನಗು. ಕೇಳಲು ಒಂದೇ ಥರ ಇದ್ದರೂ ಎರಡಕ್ಕೂ ಸಂಬಂಧವಿಲ್ಲ.

ಇಷ್ಟೊಂದು ಜನರಿಗೆ ಈ ಹೆಸರು ಬಂದದ್ದು ಹೇಗೆ?

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರದ ಶತಮಾನಗಳಲ್ಲಿ ಅಲ್ಲಿ ಅಡ್ಡಹೆಸರುಗಳು ತಂದೆಯಿಂದ ಮಕ್ಕಳಿಗೆ ಬರತೊಡಗಿದವು. ಕುದುರೆಗೆ ಲಾಳ, ನೇಗಿಲಿಗೆ ಗುಳ ಮಾಡಲು ಊರೂರಿಗೂ ಕಮ್ಮಾರ ಬೇಕಿತ್ತು. ಹೀಗಾಗಿ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ನೂರಾರು ಮನೆಗಳಿಗೆ ಒಂದೇ ಹೆಸರು ಅಂಟಿತು. ಮಗ ದರ್ಜಿಯಾದರೂ ಸ್ಮಿತ್ ಆಗಿಯೇ ಉಳಿದ.

ನಾವು ಎಡವುವುದು ಇಲ್ಲೇ. ಉತ್ತರ ಕರ್ನಾಟಕದಲ್ಲಿ ಕಮ್ಮಾರ, ಬಡಿಗೇರ, ಪತ್ತಾರ ಎಂಬ ಅಡ್ಡಹೆಸರು ಕೇಳಿದರೆ ಸಮುದಾಯ ಊಹಿಸುವುದು ನಮಗೆ ರೂಢಿ. ಅದೇ ಕಣ್ಣಿನಿಂದ ಸ್ಮಿತ್ ಹೆಸರನ್ನೂ ನೋಡುತ್ತೇವೆ. ಆದರೆ ಅದು ಯಾವುದೇ ಜಾತಿಯ ಹೆಸರಲ್ಲ.

ಅಮೆರಿಕದಲ್ಲಿ ಏನಾಯಿತು?

2010ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ ಸುಮಾರು 24.4 ಲಕ್ಷ ಸ್ಮಿತ್‌ಗಳಿದ್ದರು. ಅಲ್ಲಿ ಅತಿ ಹೆಚ್ಚು ಜನರಿಗಿದ್ದ ಅಡ್ಡಹೆಸರು ಅದೇ. ಅವರಲ್ಲಿ ನೂರಕ್ಕೆ ಸುಮಾರು 23 ಮಂದಿ ಕಪ್ಪು ವರ್ಣೀಯರು. ಗುಲಾಮಗಿರಿಯಿಂದ ಬಿಡುಗಡೆಯಾದ ಕೆಲವರು ಮಾಲೀಕರ ಅಡ್ಡಹೆಸರನ್ನು ಇಟ್ಟುಕೊಂಡರು, ಕೆಲವರು ತಾವೇ ಒಂದು ಹೆಸರು ಆರಿಸಿಕೊಂಡರು. ಜರ್ಮನಿಯಿಂದ ವಲಸೆ ಬಂದ ಕೆಲವು ಶ್ಮಿಟ್‌ಗಳು ಸ್ಮಿತ್ ಆದರು. ಅಂದರೆ ಹೆಸರು ಒಂದೇ, ಬಂದ ದಾರಿ ಬೇರೆ ಬೇರೆ.

‘ಸ್ಮಿತ್ ಮನೆತನದ ಲಾಂಛನ’ ನಿಜವೇ?

ಇಂಥ ಲಾಂಛನಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತಾರೆ. ಆದರೆ ಇಂಗ್ಲೆಂಡ್‌ನಲ್ಲಿ ಲಾಂಛನಗಳ ದಾಖಲೆ ಇಡುವ, 1484ರಲ್ಲಿ ಸ್ಥಾಪನೆಯಾದ ಕಾಲೇಜ್ ಆಫ್ ಆರ್ಮ್ಸ್ ಪ್ರಕಾರ, ಒಂದು ಅಡ್ಡಹೆಸರಿಗೆ ಲಾಂಛನ ಎಂಬುದೇ ಇಲ್ಲ. ಅದು ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಮತ್ತು ಆತನ ನೇರ ವಂಶಸ್ಥರಿಗೆ ಮಾತ್ರ ಸೇರುತ್ತದೆ. ಹೆಸರು ಒಂದೇ ಎಂಬ ಕಾರಣಕ್ಕೆ ಹಣ ಕೊಟ್ಟವರ ಕೈಗೆ ಸಿಗುವುದು ಒಂದು ಚಿತ್ರ ಅಷ್ಟೇ.

ಒಟ್ಟಿನಲ್ಲಿ

ಸ್ಮಿತ್ ಎಂಬ ಪದ ಒಂದು ಕಸುಬನ್ನು ಹೇಳುತ್ತದೆ. ಆ ಹೆಸರಿನ ವ್ಯಕ್ತಿ ಯಾರ ವಂಶ, ಯಾವ ಬಣ್ಣ, ಯಾವ ಧರ್ಮ ಎಂಬುದನ್ನು ಹೇಳುವುದಿಲ್ಲ. ‘ಈ ಹೆಸರಿನವರೆಲ್ಲ ಇಂಥವರು’ ಎಂಬ ಸಂದೇಶ ನಿಮಗೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಆ ಮೂವರು ಕ್ರಿಕೆಟಿಗರನ್ನು ಒಮ್ಮೆ ನೆನಪಿಸಿಕೊಳ್ಳಿ.