ಬಕಾಸುರನ ಬೆಟ್ಟಕ್ಕೆ ಎರಡು ದಾರಿ

ಚಿಂತಾಮಣಿ ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರಪುರ ಎಂಬುದು ಸುತ್ತಲಿನ ಜನರ ನಂಬಿಕೆ. ಬಂಡಿ ತುಂಬ ಅನ್ನ, ಬಂಡಿ ಎಳೆಯುವ ಎರಡು ಕೋಣ, ಜೊತೆಗೆ ಒಬ್ಬ ಮನುಷ್ಯ. ಇಷ್ಟನ್ನೂ ಸರದಿಯಂತೆ ನುಂಗುತ್ತಿದ್ದ ಬಕಾಸುರನನ್ನು ಭೀಮ ಕೊಂದದ್ದು ಅಲ್ಲಿಯೇ ಎಂದು ಹಿರಿಯರು ಹೇಳುತ್ತಾರೆ. ಕಥೆ ಕೇಳಿದ ಮಗು ಅಷ್ಟಕ್ಕೇ ಸುಮ್ಮನಾಗುವುದಿಲ್ಲ. ‘ಭೀಮನ ಬದಲು ನಾನು ಹೋಗಿದ್ದರೆ?’ ಎಂದು ಕೇಳಿಯೇ ಕೇಳುತ್ತದೆ. ಈ ಪ್ರಶ್ನೆಯನ್ನೇ ಆಟವಾಗಿಸಿದರೆ ಅದು ಪಾತ್ರಧಾರಣೆಯ ಆಟ.

ಇಂಥ ಆಟಕ್ಕೆ ನಿಯಮಗಳ ಪುಸ್ತಕ ಮೊದಲು ಬಂದದ್ದು 1974ರಲ್ಲಿ, ಅಮೆರಿಕದಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿದ ಅದರ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ನಾಲ್ಕೈದು ಮಂದಿ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ನೆಲಮಾಳಿಗೆಯ ಬಾಗಿಲು ಮುಚ್ಚಿದೆ, ಒಳಗಿನಿಂದ ಸದ್ದು ಬರುತ್ತಿದೆ, ಏನು ಮಾಡುತ್ತೀರಿ? ಆಟಗಾರ ಹೇಳಿದ್ದು ಸುಲಭದ ಕೆಲಸವಾದರೆ ನಡೆಯುತ್ತದೆ. ಕಷ್ಟದ್ದಾದರೆ ದಾಳ ಎಸೆದು ತೀರ್ಮಾನಿಸುತ್ತಾರೆ. ಗೆದ್ದವರು ಸೋತವರು ಎಂಬ ಲೆಕ್ಕ ಇದರಲ್ಲಿಲ್ಲ.

ಗಣಕಯಂತ್ರ ಈ ಆಟವನ್ನು ಬೇಗನೆ ತನ್ನದಾಗಿಸಿಕೊಂಡಿತು. 1975ರ ವೇಳೆಗೇ ಇಲಿನಾಯ್ ವಿಶ್ವವಿದ್ಯಾಲಯದ ‘ಪ್ಲೇಟೋ’ ಗಣಕದಲ್ಲಿ ವಿದ್ಯಾರ್ಥಿಗಳು ನೆಲಮಾಳಿಗೆಯ ಆಟಗಳನ್ನು ಬರೆದಿದ್ದರು. ಅದೇ ಕಾಲದಲ್ಲಿ ವಿಲ್ ಕ್ರೌಥರ್ ಎಂಬ ಪ್ರೋಗ್ರಾಮರ್, ಕೆಂಟಕಿಯ ಮ್ಯಾಮತ್ ಗುಹೆಗಳಲ್ಲಿ ತಾನು ಅಲೆದಾಡಿದ ನೆನಪಿನಿಂದ ತನ್ನ ಹೆಣ್ಣುಮಕ್ಕಳಿಗಾಗಿ ಒಂದು ಗುಹಾಸಾಹಸ ಬರೆದ. ಅದರಲ್ಲಿ ಚಿತ್ರವಿಲ್ಲ, ಬರಿಯ ಅಕ್ಷರ. ಅಲ್ಲಿಂದ ಹೊರಟ ದಾರಿ 2023ರ ‘ಬಾಲ್ಡರ್ಸ್ ಗೇಟ್ 3’ರವರೆಗೆ ಬಂದಿದೆ. 1974ರ ಆಟದಿಂದ ಬೆಳೆದುಬಂದ ನಿಯಮಗಳನ್ನೇ ಅದು ಬಳಸುತ್ತದೆ. ಆದರೆ ಕಣ್ಣು ಕೋರೈಸುವ ಚಿತ್ರ, ಸಂಗೀತ, ನಟರ ಧ್ವನಿ ಎಲ್ಲವೂ ಇದೆ.

ಹಾಗಾದರೆ ಎರಡಕ್ಕೂ ಇರುವ ವ್ಯತ್ಯಾಸವೇನು? ನಮ್ಮ ನೆಲದಲ್ಲೇ ಅದಕ್ಕೆ ಉದಾಹರಣೆ ಸಿಗುತ್ತದೆ. ಬಯಲುಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುತ್ತಾರೆ. ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತು ಕಲಿಸಿದ ಮಾತು, ಕಲಿಸಿದ ಕಂದಪದ್ಯ. ದುರ್ಯೋಧನ ಮಾತು ತಪ್ಪುವಂತಿಲ್ಲ. ಕರಾವಳಿಯ ಮತ್ತು ಕಾಸರಗೋಡಿನ ತಾಳಮದ್ದಳೆ ಬೇರೆ ಬಗೆಯದು. ಭಾಗವತರ ಪದ್ಯ ಮೊದಲೇ ಗೊತ್ತಿರುವಂಥದು. ಆದರೆ ವೇಷವಿಲ್ಲದೆ ಕೂತ ಅರ್ಥಧಾರಿ ಆಡುವ ಮಾತು ಆ ಕ್ಷಣದಲ್ಲಿ ಹುಟ್ಟಬೇಕು. ವಾಲಿ ಸಾಯುವುದು ಎಲ್ಲರಿಗೂ ಗೊತ್ತು. ಸಾಯುವ ಮುನ್ನ ರಾಮನಿಗೆ ಅವನು ಏನು ಕೇಳುತ್ತಾನೆ, ರಾಮ ಏನು ಹೇಳಿ ಪಾರಾಗುತ್ತಾನೆ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಮಾತಿಗೆ ಜನ ರಾತ್ರಿಯಿಡೀ ಕಾದಿರುತ್ತಿದ್ದದ್ದು ಇದಕ್ಕೇ. ಗಣಕದ ಆಟ ನಾಟಕಕ್ಕೆ ಹತ್ತಿರ. ಮೇಜಿನ ಆಟ ತಾಳಮದ್ದಳೆಗೆ ಹತ್ತಿರ.

ಒಂದು ಪ್ರಸಂಗವನ್ನೇ ನೋಡಿ. ಬಕಾಸುರನ ಬಂಡಿ ಬೆಟ್ಟದ ಬುಡಕ್ಕೆ ಬಂದಿದೆ ಎಂದಿಟ್ಟುಕೊಳ್ಳೋಣ. ಗಣಕದ ತೆರೆಯ ಮೇಲೆ ಮೂರು ಆಯ್ಕೆ ಮೂಡುತ್ತವೆ: ಹೋರಾಡು, ಮಾತನಾಡು, ಓಡು. ಜಗಲಿಯ ಮೇಲೆ ಕೂತ ಹುಡುಗ ಕಥೆ ನಡೆಸುವ ಹುಡುಗಿಯನ್ನು ಕೇಳುತ್ತಾನೆ:

‘ಅಕ್ಕಾ, ಕೋಣಗಳ ಕೊರಳಲ್ಲಿ ಗಂಟೆ ಇದೆಯಾ?’

‘ಇದೆ.’

‘ಹಾಗಾದ್ರೆ ಗಂಟೆಗೆ ಹುಲ್ಲು ತುರುಕ್ತೀನಿ. ಬಂಡಿ ಬಂದಿದ್ದು ಅವನಿಗೆ ಗೊತ್ತಾಗಬಾರದು.’

ಅಕ್ಕ ಗಂಟೆಯ ವಿಷಯ ಯೋಚಿಸಿಯೇ ಇರಲಿಲ್ಲ. ಈಗ ಯೋಚಿಸಲೇಬೇಕು. ಗಣಕದ ಆಟ ಎಷ್ಟೇ ದೊಡ್ಡದಿರಲಿ, ಮಾಡಿದವರು ಮುಂಚೆ ಊಹಿಸಿದ್ದಕ್ಕೆ ಮಾತ್ರ ಅದು ಉತ್ತರ ಕೊಡುತ್ತದೆ. ಕೇಳಿದ್ದಕ್ಕೆಲ್ಲ ಉತ್ತರಿಸುವ ಕೃತಕ ಬುದ್ಧಿಮತ್ತೆಯೂ ಈಗ ಬಂದಿದೆ, ನಿಜ. ಆದರೆ ತನ್ನ ಸರದಿಗಾಗಿ ಕಾಯುವುದು, ಗೆಳೆಯನ ಮಾತನ್ನು ಪೂರ್ತಿ ಕೇಳುವುದು, ನಾಲ್ವರನ್ನು ಒಪ್ಪಿಸುವುದು ಇವೆಲ್ಲ ಅದರ ಮುಂದೆ ಒಬ್ಬನೇ ಕೂತ ಮಗುವಿಗೆ ಬರುವುದಿಲ್ಲ. ಮೇಲಾಗಿ, ಗಣಕದಲ್ಲಿ ತಪ್ಪಿದರೆ ಉಳಿಸಿಟ್ಟ ಆಟವನ್ನು ಮತ್ತೆ ತೆರೆದರಾಯಿತು. ಸತ್ತ ವೀರ ಎದ್ದು ನಿಲ್ಲುತ್ತಾನೆ. ಜಗಲಿಯ ಆಟದಲ್ಲಿ ಒಬ್ಬನ ದುಡುಕನ್ನು ನಾಲ್ವರೂ ಅನುಭವಿಸಬೇಕು, ನಾಲ್ವರೂ ಸೇರಿ ಸರಿಪಡಿಸಬೇಕು.

ಹಾಗೆಂದು ಗಣಕವನ್ನು ಹಳಿಯಬೇಕಾಗಿಲ್ಲ. ಅದು ಪಕ್ಷಪಾತ ಮಾಡುವುದಿಲ್ಲ, ಲೆಕ್ಕ ತಪ್ಪುವುದಿಲ್ಲ, ಜೊತೆಗಾರರಿಲ್ಲದ ಮಗುವಿಗೂ ಬಾಗಿಲು ತೆರೆಯುತ್ತದೆ. ಜಗಲಿಯಲ್ಲಾದರೋ ಕಥೆ ನಡೆಸುವವರು ತಮ್ಮ ಗೆಳೆಯನ ಪರ ವಹಿಸಿದರೆ ಆಟ ಅಲ್ಲಿಗೇ ಕೆಟ್ಟಿತು. ಜೋರು ಬಾಯಿಯವನೇ ಎಲ್ಲ ಮಾತನ್ನೂ ಆಡಿಬಿಡುವ ಅಪಾಯವೂ ಉಂಟು.

ಈ ಆಟಕ್ಕೆ ದುಬಾರಿ ಪುಸ್ತಕವೂ ಬೇಡ, ಇಪ್ಪತ್ತು ಮುಖದ ದಾಳವೂ ಬೇಡ. ಚೌಕಾಬಾರಕ್ಕೆ ಮಾಡುವಂತೆ ನಾಲ್ಕು ಹುಣಸೆ ಬೀಜಗಳ ಒಂದು ಮಗ್ಗುಲನ್ನು ಉಜ್ಜಿ ಬಿಳಿ ಮಾಡಿದರೆ ಸಾಕು. ಎರಡೂ ಮಗ್ಗುಲು ಸಮನಾಗಿ ಬೀಳುತ್ತವೆ ಎಂದುಕೊಂಡರೆ, ನಾಲ್ಕು ಬೀಜ ಬೀಳುವ ಬಗೆ ಒಟ್ಟು 16. ಎರಡು ಅಥವಾ ಹೆಚ್ಚು ಬಿಳಿ ಬರುವುದು 11 ಬಗೆಯಲ್ಲಿ; ಮೂರು ಅಥವಾ ಹೆಚ್ಚು 5ರಲ್ಲಿ; ನಾಲ್ಕೂ ಬಿಳಿ ಒಂದೇ ಒಂದರಲ್ಲಿ. ಸುಲಭದ ಕೆಲಸಕ್ಕೆ ಎರಡು ಬಿಳಿ, ಕಷ್ಟದ್ದಕ್ಕೆ ಮೂರು, ಅಸಾಧ್ಯವೆನಿಸುವುದಕ್ಕೆ ನಾಲ್ಕು ಎಂದು ನಿಯಮ ಮಾಡಿಕೊಳ್ಳಬಹುದು. ಹೈಸ್ಕೂಲಿನ ಸಂಭವನೀಯತೆಯ ಪಾಠ ಹೀಗೆ ತಾನಾಗಿ ತಲೆಗೆ ಹೋಗುತ್ತದೆ.

ಕಥೆಗಂತೂ ಈ ಸೀಮೆಯಲ್ಲಿ ಬರವಿಲ್ಲ. ಚಿಕ್ಕಬಳ್ಳಾಪುರದವರಿಗೆ ನಂದಿದುರ್ಗವಿದೆ: 1791ರ ಅಕ್ಟೋಬರ್, ಕಾರ್ನ್‌ವಾಲಿಸನ ಸೇನೆ ಕೋಟೆಯನ್ನು ಮುತ್ತಿದೆ, ಒಳಗಿನಿಂದ ಒಂದು ಓಲೆ ಹೊರಗೆ ಹೋಗಬೇಕು. ಶಿಡ್ಲಘಟ್ಟದ ಮಕ್ಕಳು ಕತ್ತಿ ಹಿಡಿಯಬೇಕಾಗಿಲ್ಲ: ರೇಷ್ಮೆಗೂಡು ಸಿದ್ಧವಾಗಿದೆ, ಮಳೆ ಸುರಿದು ದಾರಿ ಕಟ್ಟಿದೆ, ಚಿಟ್ಟೆ ಗೂಡು ಕೊರೆದು ಹೊರಬಂದರೆ ಎಳೆ ತುಂಡಾಗುತ್ತದೆ, ಅಷ್ಟರೊಳಗೆ ಮಾರುಕಟ್ಟೆ ತಲುಪಬೇಕು. ಗೌರಿಬಿದನೂರಿನಲ್ಲಿ 1976ರಿಂದ ಸೂರ್ಯನ ರೇಡಿಯೋ ಅಲೆಗಳನ್ನು ಹಿಡಿಯುತ್ತಿರುವ ವೀಕ್ಷಣಾಲಯವಿದೆ. ಒಂದು ರಾತ್ರಿ ಅಲ್ಲಿಗೆ ವಿಚಿತ್ರವಾದ ಸಂಕೇತ ಬಂತೆನ್ನಿ. ಅದು ಆಕಾಶದ್ದೋ, ಪಕ್ಕದ ಊರಿನ ಕೆಟ್ಟ ಮೋಟಾರಿನದೋ? ಕಂಡುಹಿಡಿಯಲಿ.

1980ರ ದಶಕದಲ್ಲಿ ಅಮೆರಿಕದ ಕೆಲವು ಪಾಲಕರು ಈ ಮೇಜಿನ ಆಟವೇ ಮಕ್ಕಳನ್ನು ಕೆಡಿಸುತ್ತದೆಂದು ಗದ್ದಲವೆಬ್ಬಿಸಿದ್ದರು. ಗದ್ದಲ ತಣ್ಣಗಾಯಿತು, ಆಟ ಉಳಿಯಿತು. ಎಲ್ಲ ಆಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಆ ಆಟಗಳಿಗೂ ಕಥೆಯ ಆಟಗಳಿಗೂ ಸಂಬಂಧವಿಲ್ಲ.

ಮೊಬೈಲ್ ಕಿತ್ತುಕೊಂಡ ಕೈಗೆ ಬೇರೇನೂ ಕೊಡದಿದ್ದರೆ ಮಗು ಮತ್ತೆ ಮೊಬೈಲನ್ನೇ ಹುಡುಕುತ್ತದೆ. ಈ ಭಾನುವಾರ ನಾಲ್ಕು ಹುಣಸೆ ಬೀಜ ಉಜ್ಜಿಕೊಡಿ. ಸಾಧ್ಯವಾದರೆ ನೀವೂ ಒಂದು ಪಾತ್ರ ವಹಿಸಿ, ಕಥೆ ನಡೆಸುವ ಕೆಲಸವನ್ನು ಮಕ್ಕಳಿಗೇ ಬಿಡಿ. ‘ಮುಂದೇನು?’ ಎಂದು ತಂದೆತಾಯಿ ಕೇಳಿ ಮಕ್ಕಳು ಹೇಳುವ ಮನೆಯಲ್ಲಿ ಮಾತಿಗೆ ಬರ ಬರುವುದಿಲ್ಲ.